ಮಗು ಚೆನ್ನಾಗಿದೆಯಲ್ಲ, ಮತ್ತೆ ಇನ್ಹೇಲರ್ ಯಾಕೆ?

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ ಹಳ್ಳಿ. ಸಣ್ಣ ಕಾಫಿ ತೋಟ, ಸ್ವಲ್ಪ ಅಡಿಕೆ. ಮಗನಿಗೆ 7 ವರ್ಷ, ಎರಡನೇ ಕ್ಲಾಸು. ಹೋದ ವರ್ಷ ಡಾಕ್ಟರ್ ಅಸ್ತಮಾ ಎಂದು ಹೇಳಿ ಎರಡು ಇನ್ಹೇಲರ್ ಬರೆದುಕೊಟ್ಟರು. ಒಂದು ದಿನಾ ತೆಗೆದುಕೊಳ್ಳಲು, ಇನ್ನೊಂದು ಉಬ್ಬಸ ಬಂದಾಗ. ಎರಡು ತಿಂಗಳು ಕೊಟ್ಟೆವು, ಮಗ ಹುಷಾರಾದ. "ಚೆನ್ನಾಗಿದ್ದಾನಲ್ಲ, ಸುಮ್ನೆ ಯಾಕೆ ಆ ಗ್ಯಾಸು, ಅಭ್ಯಾಸ ಆಗಿಬಿಡುತ್ತೆ" ಎಂದರು ಅತ್ತೆ. ನಿಲ್ಲಿಸಿದೆವು. ಈ ಮಳೆಗಾಲದಲ್ಲಿ ಎರಡು ಸಲ ರಾತ್ರಿ ಆಸ್ಪತ್ರೆಗೆ ಓಡಿದ್ದಾಯಿತು. ಯಜಮಾನರು ಔಷಧಿಯನ್ನು ಮಂಜಿನ ಹಾಗೆ ಮಾಡಿ ಕೊಡುವ ನೆಬುಲೈಸರ್ ಮೆಷಿನ್ ತರೋಣ ಎನ್ನುತ್ತಾರೆ. ನನ್ನ ತವರು ಅರಸೀಕೆರೆ, ಒಣ ಊರು. ಅಲ್ಲಿಗೇ ಕಳಿಸಿಬಿಡು ಎನ್ನುತ್ತಾಳೆ ಅಮ್ಮ. ಒಬ್ಬೊಬ್ಬರದು ಒಂದೊಂದು ಮಾತು. ಮನೆಯವರಿಗೆ ಹೇಗೆ ತಿಳಿಸಿ ಹೇಳಲಿ? (ಹೆಸರು ಹಾಕಬೇಡಿ ಎಂದಿದ್ದಾರೆ.)

ಉತ್ತರ: ನಿಮ್ಮ ಅತ್ತೆ ಕೇಳಿದ್ದರಿಂದಲೇ ಶುರು ಮಾಡುತ್ತೇನೆ. ಚಿಕ್ಕಮಗಳೂರಿನಲ್ಲಿ ಮಕ್ಕಳ ಡಾಕ್ಟರಾಗಿ ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ನಾನು ಕೇಳದ ವಾರ ಇಲ್ಲ. ಅದು ದಡ್ಡ ಪ್ರಶ್ನೆಯೂ ಅಲ್ಲ. ಕಾಯಿಲೆ ಇದ್ದಾಗ ಔಷಧಿ, ಇಲ್ಲದಾಗ ಯಾಕೆ? ಜ್ವರಕ್ಕೆ, ಭೇದಿಗೆ ನಾವೆಲ್ಲ ಹಾಗೆಯೇ ಮಾಡುವುದು ಅಲ್ವಾ?

ನಿಮ್ಮಲ್ಲಿ ಅಡಿಕೆ ಇದೆ ಎಂದಿರಿ. ಹಾಗಾದರೆ ಅತ್ತೆಗೆ ಉತ್ತರ ಆಗಲೇ ಗೊತ್ತಿದೆ. ಮಳೆ ಹಿಡಿಯುವ ಮುಂಚೆ ಆಳು ಕರೆಸಿ ಅಡಿಕೆ ಗೊನೆಗೆ ಬೋರ್ಡೋ ಔಷಧಿ ಹೊಡೆಸುತ್ತೀರಲ್ಲ, ಆಗ ಗೊನೆಯಲ್ಲಿ ಕೊಳೆ ರೋಗ ಇರುತ್ತದೆಯೇ? ಇಲ್ಲ. ಕಾಯಿ ಹಸಿರಾಗಿ, ಗಟ್ಟಿಯಾಗಿ, ಚೆನ್ನಾಗಿಯೇ ಇರುತ್ತದೆ. ಆದರೂ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು ಸೇರಿಸಿ ಹೊಡೆಸುತ್ತೀರಿ. 40–45 ದಿನ ಬಿಟ್ಟು ಇನ್ನೊಮ್ಮೆ. "ಚೆನ್ನಾಗಿದೆಯಲ್ಲ, ಯಾಕೆ?" ಎಂದು ಯಾರೂ ಕೇಳುವುದಿಲ್ಲ. ಕೊಳೆ ಬಿದ್ದು ಕಾಯಿ ಉದುರಿದ ಮೇಲೆ ಎಷ್ಟು ಹೊಡೆದರೂ ಉದುರಿದ್ದು ಮರಕ್ಕೆ ಹತ್ತುವುದಿಲ್ಲ ಎಂದು ಮನೆಯವರಿಗೆಲ್ಲ ಗೊತ್ತು.

ದಿನಾ ಕೊಡುವ ಇನ್ಹೇಲರ್ ಇದೇ ಬೋರ್ಡೋ. ಅಸ್ತಮಾ ಇರುವ ಮಗುವಿನ ಉಸಿರಿನ ಕೊಳವೆಗಳ ಒಳಮೈ ಕೆಮ್ಮಿಲ್ಲದ ದಿನವೂ ಸ್ವಲ್ಪ ಊದಿಕೊಂಡಿರುತ್ತದೆ. ನಮಗೆ ಕಾಣುವುದಿಲ್ಲ, ಕೇಳುವುದಿಲ್ಲ. ಮೇಲೊಂದು ನೆಗಡಿ, ಹೊಗೆ ಅಥವಾ ಧೂಳು ಬಿತ್ತು ಎಂದರೆ ಆ ಊತ ಹೆಚ್ಚುತ್ತದೆ, ಕೊಳವೆಯ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ತುಂಬುತ್ತದೆ. ಗಾಳಿ ಹೋಗುವ ದಾರಿ ಸಣ್ಣದಾಗಿ ಎದೆ ಗುಯ್‌ ಗುಯ್‌ ಎನ್ನುತ್ತದೆ. ಉಬ್ಬಸ ಬಂದಾಗ ಹೊಡೆಯುವ ಸಾಲ್ಬುಟಮಾಲ್, ಸಾಮಾನ್ಯವಾಗಿ ನೀಲಿ ಬಣ್ಣದ್ದು, ಆ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ. ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ. ಅದಕ್ಕೇ ಮನೆಯವರಿಗೆಲ್ಲ ಅದರ ಮೇಲೆ ಪ್ರೀತಿ. ಆದರೆ ಒಳಗಿನ ಊತವನ್ನು ಅದು ಮುಟ್ಟುವುದೂ ಇಲ್ಲ. ಊತ ಇಳಿಸುವುದು ಇನ್ನೊಂದು, ದಿನಾ ಕೊಡುವ ಸ್ಟೀರಾಯ್ಡ್ ಇನ್ಹೇಲರ್, ಬುಡೆಸೊನೈಡ್‌ನಂಥದ್ದು. ಅದು ನಿಧಾನ. ದಿನಗಳು, ವಾರಗಳು ಬೇಕು. ಕೊಟ್ಟ ತಕ್ಷಣ ಏನೂ ಆಗುವುದಿಲ್ಲ, ನಿಲ್ಲಿಸಿದ ತಕ್ಷಣವೂ ಏನೂ ಆಗುವುದಿಲ್ಲ. ನಿಮಗೆ ಮೋಸವಾಗಿದ್ದು ಅಲ್ಲಿಯೇ. ನಿಲ್ಲಿಸಿದ ಮೇಲೆ ಮಗ ಕೆಲವು ವಾರ ಚೆನ್ನಾಗಿಯೇ ಇದ್ದ, ಅತ್ತೆಯ ಮಾತು ನಿಜ ಅನ್ನಿಸಿತು. ಆಮೇಲೆ ಮಳೆ ಬಂತು.

ಇನ್ನು "ಅಭ್ಯಾಸ ಆಗುತ್ತೆ" ಎನ್ನುವುದು. ಈ ಎರಡೂ ಔಷಧಿಗಳಿಗೆ ಕುಡಿತ, ಹೊಗೆಸೊಪ್ಪಿನ ಹಾಗೆ ಚಟ ಹಿಡಿಸುವ ಗುಣ ಇಲ್ಲ. ನಿಲ್ಲಿಸಿದಾಗ ಉಬ್ಬಸ ವಾಪಸ್ ಬಂದದ್ದು ಚಟದಿಂದಲ್ಲ, ಕಾಯಿಲೆ ಹೋಗಿರಲಿಲ್ಲ, ಅದರಿಂದ. ಹಾಗಂತ ಜೀವಮಾನವಿಡೀ ಕೊಡಬೇಕು ಎಂದೂ ಅಲ್ಲ. ಸುಮಾರು ಮೂರು ತಿಂಗಳು ಪೂರ್ತಿ ಹತೋಟಿಯಲ್ಲಿದ್ದರೆ ಡಾಕ್ಟರೇ ಪ್ರಮಾಣ ಇಳಿಸುತ್ತಾ ಬರುತ್ತಾರೆ. ಬಹಳ ಮಕ್ಕಳಿಗೆ ಹದಿಹರೆಯದ ಹೊತ್ತಿಗೆ ಕಡಿಮೆಯಾಗುತ್ತದೆ. ಎಲ್ಲರಿಗೂ ಅಲ್ಲ.

ಸ್ಟೀರಾಯ್ಡ್ ಎಂಬ ಹೆಸರು ಕೇಳಿದರೆ ನಿಮ್ಮ ಯಜಮಾನರೂ ಹೆದರಬಹುದು. ಒಂದು ಲೆಕ್ಕ ಹೇಳುತ್ತೇನೆ, ಗಂಡಸರಿಗೆ ಲೆಕ್ಕ ಬೇಗ ಹಿಡಿಸುತ್ತದೆ. ದಿನಕ್ಕೆ ಎರಡು ಸಲ ಒಂದೊಂದು ಪಫ್ (ಒಂದು ಸಲ ಒತ್ತಿದಾಗ ಬರುವಷ್ಟು), ಒಂದು ಪಫ್ 100 ಮೈಕ್ರೋಗ್ರಾಂ ಎಂದುಕೊಳ್ಳಿ. ದಿನಕ್ಕೆ 200 ಆಯಿತು. ರಾತ್ರಿ ಆಸ್ಪತ್ರೆಗೆ ಓಡಿದಾಗ ನಿಮ್ಮ ಮಗನ ವಯಸ್ಸಿನ ಮಗುವಿಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ 20 ಮಿಲಿಗ್ರಾಂನಂತೆ ಮೂರು ದಿನ ಕೊಡುವುದು ಮಾಮೂಲು. ಅಂದರೆ 60 ಮಿಲಿಗ್ರಾಂ. 60,000 ಮೈಕ್ರೋಗ್ರಾಂ. ತೂಕದಲ್ಲಿ ಅದು 300 ದಿನದ ಇನ್ಹೇಲರ್‌ಗೆ ಸಮ. ಎರಡೂ ಬೇರೆ ಬೇರೆ ಸ್ಟೀರಾಯ್ಡ್, ತೂಕವೊಂದನ್ನೇ ಇಟ್ಟು ಹೋಲಿಸುವುದು ಪೂರ್ತಿ ಸರಿಯಲ್ಲ, ಒಪ್ಪುತ್ತೇನೆ. ಆದರೆ ದಿಕ್ಕು ತಪ್ಪಿಲ್ಲ. ಮಾತ್ರೆ ಮೈಯೆಲ್ಲ ಸುತ್ತಿ ಎದೆಗೆ ಬರುತ್ತದೆ, ಇನ್ಹೇಲರ್ ನೇರ ಎದೆಗೆ ಹೋಗುತ್ತದೆ. ಕೆಮ್ಮಿನ ಸಿರಪ್‌ಗೂ ಇದೇ ಮಾತು. ಒಂದು ಚಮಚ ಸಾಲ್ಬುಟಮಾಲ್ ಸಿರಪ್‌ನಲ್ಲಿ 2 ಮಿಲಿಗ್ರಾಂ ಇದ್ದರೆ ಅದು ನೀಲಿ ಇನ್ಹೇಲರ್‌ನ 20 ಪಫ್‌ಗೆ ಸಮ. ಸಿರಪ್ ಕುಡಿದ ಮಗುವಿಗೆ ಕೈ ನಡುಗಿ ಎದೆ ಹೊಡೆದುಕೊಳ್ಳುವುದು ಅದಕ್ಕೇ. ಇಷ್ಟಾದರೂ ಸಿರಪ್ "ಮೈಲ್ಡು", ಇನ್ಹೇಲರ್ "ಸ್ಟ್ರಾಂಗು" ಎನ್ನುವ ನಂಬಿಕೆ ಊರಲ್ಲೆಲ್ಲ ಇದೆ. ಇದನ್ನು ಯಾರು ಶುರು ಮಾಡಿದರೋ!

ಅಡ್ಡ ಪರಿಣಾಮ ಇಲ್ಲವೇ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಉತ್ತರ ಅಮೆರಿಕದಲ್ಲಿ 5ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 400 ಮೈಕ್ರೋಗ್ರಾಂ ಬುಡೆಸೊನೈಡನ್ನು ನಾಲ್ಕಾರು ವರ್ಷ ಕೊಟ್ಟು, ಅವರು ದೊಡ್ಡವರಾಗುವ ತನಕ ಅಳೆಯುತ್ತಾ ಹೋದರು. 2012ರಲ್ಲಿ ಬಂದ ಫಲಿತಾಂಶ ಇದು: ಸರಾಸರಿ ಎತ್ತರ 1.2 ಸೆಂಟಿಮೀಟರ್ ಕಡಿಮೆ. ಅರ್ಧ ಇಂಚೂ ಇಲ್ಲ. ಅತ್ತೆಗೆ ಇದನ್ನೂ ಹೇಳಿ, ಮುಚ್ಚಿಡಬೇಡಿ. ಆಮೇಲೆ ಈ ಮಳೆಗಾಲದ ಎರಡು ರಾತ್ರಿಗಳನ್ನು ಪಕ್ಕದಲ್ಲಿಟ್ಟು ತೂಗಿ ನೋಡಲಿ. ಬಾಯಲ್ಲಿ ಬಿಳಿ ಅಗ್ರ (ಬೂಷ್ಟಿನಂಥ ಪದರ) ಬರುವುದು ಇನ್ನೊಂದು ತೊಂದರೆ. ಔಷಧಿ ಆದ ಮೇಲೆ ಬಾಯಿ ಮುಕ್ಕಳಿಸಿ ಉಗಿದರೆ ಸಾಮಾನ್ಯವಾಗಿ ಬರುವುದಿಲ್ಲ. ಅದಕ್ಕೇ ನಾನು ಹಲ್ಲುಜ್ಜುವ ಮುಂಚೆ ಕೊಡಿ ಎನ್ನುತ್ತೇನೆ. ಬೆಳಿಗ್ಗೆ ಬ್ರಷ್ಷಿಗೆ ಮುಂಚೆ, ರಾತ್ರಿ ಬ್ರಷ್ಷಿಗೆ ಮುಂಚೆ. ಮುಕ್ಕಳಿಸುವುದು ತಾನಾಗಿ ಆಗುತ್ತದೆ, ಮರೆಯುವುದೂ ಇಲ್ಲ. ಸ್ಪೇಸರ್‌ (ಇನ್ಹೇಲರ್‌ಗೆ ಸಿಕ್ಕಿಸಿ ಉಸಿರೆಳೆಯುವ ಪ್ಲಾಸ್ಟಿಕ್ ಕೊಳವೆ) ಬ್ರಷ್ಷಿನ ಪಕ್ಕದಲ್ಲಿಯೇ ಇರಲಿ, ದೇವರ ಮನೆಯ ಗೂಡಲ್ಲೋ ಬೀರುವಿನಲ್ಲೋ ಬೇಡ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಮನೆಯವರಿಗೆ ಹೇಗೆ ಹೇಳುವುದು? ಹೇಳಬೇಡಿ. ಅವರ ಕೈಲಿ ಮಾಡಿಸಿ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಕೆಲಸಕ್ಕೆ ಸೇರಿದ ಹೊಸತು. ಮೂರು ವರ್ಷದ ಹೆಣ್ಣುಮಗು, ಇನ್ಹೇಲರ್ ಬರೆದುಕೊಟ್ಟಿದ್ದೆ. ಸ್ಪೇಸರ್, ಮಾಸ್ಕ್ ಎಲ್ಲ ವಿವರಿಸಿದ್ದೆ, ತಾಯಿ ತಲೆ ಆಡಿಸಿದ್ದರು. ಆದರೂ ಮಗು ಮತ್ತೆ ಮತ್ತೆ ಉಬ್ಬಸದಿಂದ ಬರುತ್ತಿತ್ತು. ನಾನು ಪ್ರಮಾಣ ಜಾಸ್ತಿ ಮಾಡಿದೆ. ಆಮೇಲೆ ಇನ್ನೂ ಜಾಸ್ತಿ. ಒಂದು ದಿನ ತಾಯಿಗೆ ಕೂಲಿ ಬಿಡಲಾಗದೆ ಅಜ್ಜಿ ಮಗುವನ್ನು ಕರೆತಂದರು. ಏನೋ ನೆನಪಾಗಿ ಕೇಳಿದೆ, "ದಿನಾ ಯಾರು ಕೊಡೋದು?" "ನಾನೇ." "ಹೇಗೆ ಕೊಡ್ತೀರಿ, ತೋರಿಸಿ." ಅಜ್ಜಿ ಸೆರಗಿನ ಗಂಟಿಂದ ಇನ್ಹೇಲರ್ ತೆಗೆದರು, ಚೀಲದಿಂದ ಸ್ಪೇಸರ್ ತೆಗೆದರು. ಮಾಸ್ಕನ್ನು ಮಗುವಿನ ಮುಖದಿಂದ ಒಂದು ಬೆರಳು ದೂರ ಹಿಡಿದು ಒತ್ತಿದರು. ಮುಖಕ್ಕೆ ತಾಗಿದರೆ ಮಗು ಅಳುತ್ತದೆ, ಪಾಪ, ಅದಕ್ಕೆ. ಔಷಧಿಯೆಲ್ಲ ಕೆನ್ನೆಯ ಮೇಲಿಂದ ಹಾರಿ ಹೋಯಿತು. ಮಗು ಕಣ್ಣು ಪಿಳಿಪಿಳಿ ಬಿಟ್ಟಿತು. ಆರು ತಿಂಗಳಿಂದ ಆ ಮಗುವಿನ ಕಣ್ಣಿಗೆ, ಕೆನ್ನೆಗೆ ಔಷಧಿ ಹೋಗಿತ್ತೇ ಹೊರತು ಎದೆಗೆ ಹೋಗಿರಲಿಲ್ಲ. ಅಜ್ಜಿಯ ತಪ್ಪಲ್ಲ. ಅಜ್ಜಿಗೆ ಯಾರೂ ತೋರಿಸಿಯೇ ಇರಲಿಲ್ಲ. ನಾನು ಹೇಳಿದ್ದು ತಾಯಿಗೆ, ಕೊಡುತ್ತಿದ್ದದ್ದು ಅಜ್ಜಿ.

ಅಂದಿನಿಂದ ನನ್ನ ಕ್ಲಿನಿಕ್ಕಿನಲ್ಲಿ ಒಂದು ನಿಯಮ. ಮುಂದಿನ ಸಲ ಬರುವಾಗ ಇನ್ಹೇಲರ್, ಸ್ಪೇಸರ್, ಮತ್ತು ದಿನಾ ಔಷಧಿ ಕೊಡುವ ಕೈ, ಮೂರೂ ಬರಬೇಕು. ನಿಮ್ಮ ಅತ್ತೆಯನ್ನು ಕರೆದುಕೊಂಡೇ ಡಾಕ್ಟರ ಹತ್ತಿರ ಹೋಗಿ. "ಡಾಕ್ಟರ್ ಹೀಗೆ ಹೇಳಿದ್ರು" ಎಂದು ನೀವು ಬಂದು ಹೇಳಿದರೆ ಅದು ಸೊಸೆಯ ಮಾತಾಗುತ್ತದೆ. ಡಾಕ್ಟರೇ ಅವರನ್ನು ಕೂರಿಸಿ "ಅಮ್ಮಾ, ಇದು ನಿಮ್ಮ ಜವಾಬ್ದಾರಿ" ಎಂದರೆ ಬೇರೆಯೇ ಆಗುತ್ತದೆ. ತೋಟದ ಮನೆಯಲ್ಲಿ ಮಗುವನ್ನು ಹಗಲೆಲ್ಲ ನೋಡಿಕೊಳ್ಳುವವರು ಹೆಚ್ಚಾಗಿ ಅಜ್ಜಿಯೇ. ಅವರನ್ನು ಎದುರು ಹಾಕಿಕೊಂಡು ಅಸ್ತಮಾ ಗೆದ್ದ ಮನೆಯನ್ನು ನಾನು ನೋಡಿಲ್ಲ.

ಮಾಡುವ ಕ್ರಮ ಹೀಗೆ. ಇನ್ಹೇಲರ್‌ ಮುಚ್ಚಳ ತೆಗೆದು ಚೆನ್ನಾಗಿ ಅಲ್ಲಾಡಿಸಿ, ಸ್ಪೇಸರ್‌ಗೆ ಸಿಕ್ಕಿಸಿ. ಮಗ ನೇರ ಕೂರಲಿ. 7 ವರ್ಷಕ್ಕೆ ಮಾಸ್ಕ್ ಬೇಕಿಲ್ಲ. ಸ್ಪೇಸರ್‌ ಬಾಯಿಯನ್ನು ಹಲ್ಲಿನ ನಡುವೆ ಇಟ್ಟು ತುಟಿ ಬಿಗಿಯಾಗಿ ಮುಚ್ಚಲಿ. ಒಂದೇ ಒಂದು ಸಲ ಒತ್ತಿ. ನಿಧಾನವಾಗಿ ಐದಾರು ಉಸಿರು ಎಳೆದು ಬಿಡಲಿ. ಇನ್ನೊಂದು ಪಫ್ ಬೇಕಿದ್ದರೆ ಅರ್ಧ ನಿಮಿಷ ತಡೆದು, ಮತ್ತೆ ಅಲ್ಲಾಡಿಸಿ, ಮತ್ತೆ ಮೊದಲಿಂದ. ಎರಡು ಮೂರು ಪಫ್ ಒಟ್ಟಿಗೆ ಒತ್ತಿದರೆ ಔಷಧಿ ಸ್ಪೇಸರ್‌ನ ಗೋಡೆಗೆ ಅಂಟುತ್ತದೆ, ಮಗುವಿಗೆ ಸಿಗುವುದಿಲ್ಲ. ಸ್ಪೇಸರ್‌ ಇಲ್ಲದೆ ನೇರ ಬಾಯಿಗೆ ಹೊಡೆದರೆ ಬಹುಪಾಲು ಗಂಟಲಲ್ಲೇ ಕೂತುಬಿಡುತ್ತದೆ. ಹೊಸ ಸ್ಪೇಸರನ್ನು ಸೋಪಿನ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ತೆಗೆದು ಹಾಗೇ ನೀರು ಸೋರಿ ಒಣಗಲು ಬಿಡಿ. ಆಮೇಲೂ ಆಗಾಗ ಹೀಗೆಯೇ. ಬಟ್ಟೆಯಲ್ಲಿ ಒರೆಸಬೇಡಿ. ಉಜ್ಜಿದರೆ ಪ್ಲಾಸ್ಟಿಕ್ಕಿನಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಔಷಧಿಯನ್ನು ಎಳೆದುಕೊಳ್ಳುತ್ತದೆ. ಬಾಚಣಿಗೆ ತಲೆಗೆ ಉಜ್ಜಿ ಕಾಗದದ ಚೂರು ಎತ್ತುವ ಆಟ ನೆನಪಿದೆಯಲ್ಲ, ಅದೇ.

ಸ್ಪೇಸರ್‌ ಕಳೆದುಹೋಯಿತು, ಒಡೆಯಿತು, ಅಂಗಡಿ ದೂರ ಎಂದರೆ? ಅರ್ಧ ಲೀಟರ್ ನೀರಿನ ಪ್ಲಾಸ್ಟಿಕ್ ಬಾಟಲಿ ಸಾಕು. ತಳದಲ್ಲಿ ಇನ್ಹೇಲರ್‌ ಬಾಯಿಯಷ್ಟೇ ಅಳತೆಗೆ ತೂತು ಮಾಡಿ ಬಿಗಿಯಾಗಿ ಸಿಕ್ಕಿಸಿ. ಬಾಟಲಿಯ ಬಾಯಿ ಮಗುವಿನ ಬಾಯಿಗೆ. ಇದು ನನ್ನ ಕಟ್ಟುಕಥೆಯಲ್ಲ. ದಕ್ಷಿಣ ಆಫ್ರಿಕಾದ ವೈದ್ಯರು ಉಬ್ಬಸ ಬಂದ ಮಕ್ಕಳಲ್ಲಿ ಇದನ್ನು ಅಂಗಡಿಯ ಸ್ಪೇಸರ್‌ಗೆ ಹೋಲಿಸಿ ನೋಡಿ, ಗಾಳಿಯಾಡದಂತೆ ಸೀಲ್ ಮಾಡಿದ ಬಾಟಲಿ ಅದರಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು 1999ರಲ್ಲೇ ತೋರಿಸಿದ್ದಾರೆ. ಔಷಧಿಯ ಖರ್ಚು ಭಾರವಾದರೆ ಜನೌಷಧಿ ಕೇಂದ್ರದಲ್ಲಿ ಕೇಳಿ ನೋಡಿ.

ಯಜಮಾನರಿಗೆ ಒಂದು ಕೆಲಸ ಕೊಡಿ: ಲೆಕ್ಕ. ಹೆಚ್ಚಿನ ಇನ್ಹೇಲರ್‌ಗಳಲ್ಲಿ 200 ಪಫ್ ಇರುತ್ತದೆ, ಡಬ್ಬಿಯ ಮೇಲೆ ಬರೆದಿರುತ್ತದೆ. ದಿನಕ್ಕೆ 2 ಪಫ್ ಆದರೆ 100 ದಿನ. 4 ಆದರೆ 50 ದಿನ. ಮುಗಿದ ಮೇಲೂ ಅದು ಪುಸ್ ಪುಸ್ ಎನ್ನುತ್ತಲೇ ಇರುತ್ತದೆ. ಒಳಗಿನ ಗ್ಯಾಸು ಬರುತ್ತದೆ, ಔಷಧಿ ಇರುವುದಿಲ್ಲ. ನೀರಲ್ಲಿ ತೇಲಿಸಿ ನೋಡುವುದು ನಂಬುವಂಥದ್ದಲ್ಲ. ತೆರೆದ ದಿನವೇ ಮುಗಿಯುವ ತಾರೀಕನ್ನು ಡಬ್ಬಿಯ ಮೇಲೆ ಮಾರ್ಕರ್‌ನಲ್ಲಿ ಬರೆದುಬಿಡಲಿ. ಕೆಲವದರಲ್ಲಿ ಲೆಕ್ಕ ತೋರಿಸುವ ಕಿಂಡಿಯೇ ಇದೆ.

ನೆಬುಲೈಸರ್ ತರೋಣ ಎಂದರಲ್ಲ ಅವರು. ಬೇಡ ಎನ್ನುತ್ತೇನೆ. ಸಾಮಾನ್ಯ ಉಬ್ಬಸಕ್ಕೆ ಸ್ಪೇಸರ್‌ನಲ್ಲಿ ಕೊಟ್ಟ ಸಾಲ್ಬುಟಮಾಲ್ ಮೆಷಿನ್‌ನಲ್ಲಿ ಕೊಟ್ಟದ್ದಕ್ಕಿಂತ ಏನೂ ಕಡಿಮೆಯಿಲ್ಲ. ಮೆಷಿನ್ ಸದ್ದು ಮಾಡುತ್ತದೆ, ಹೊಗೆ ಬರುತ್ತದೆ, ನೋಡಿದವರಿಗೆ ಏನೋ ದೊಡ್ಡ ಚಿಕಿತ್ಸೆ ನಡೆಯುತ್ತಿದೆ ಅನ್ನಿಸುತ್ತದೆ. ಆರಿದ್ರಾ ಮಳೆಯಲ್ಲಿ ನಿಮ್ಮೂರಿನಲ್ಲಿ ಕರೆಂಟು ಎಷ್ಟು ದಿನ ಇರುತ್ತದೆ, ನೀವೇ ಹೇಳಿ. ಸ್ಪೇಸರ್‌ಗೆ ಕರೆಂಟು ಬೇಡ. ಅದೂ ಅಲ್ಲದೆ ಮನೆಯಲ್ಲಿ ಮೆಷಿನ್ ಇದ್ದರೆ "ಇನ್ನೊಂದು ಸಲ ಹಾಕಿ ನೋಡೋಣ" ಎನ್ನುತ್ತಾ ಆಸ್ಪತ್ರೆಗೆ ತಡವಾಗಿ ಹೊರಟವರನ್ನು ನೋಡಿದ್ದೇನೆ.

ಹೊರಡುವ ಹೊತ್ತಿನ ವಿಚಾರಕ್ಕೆ ಸ್ವಲ್ಪ ನಿಲ್ಲುತ್ತೇನೆ. ಬೆಟ್ಟದ ಕಡೆಯವರಿಗೆ ಇದು ಬೇರೆ. ನಿಮ್ಮ ಡಾಕ್ಟರಿಂದ ಒಂದು ಕಾಗದ ಬರೆಸಿಕೊಳ್ಳಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಅಡುಗೆಮನೆಯ ಕ್ಯಾಲೆಂಡರ್ ಪಕ್ಕ ಅಂಟಿಸಿ. ಹಸಿರು, ಹಳದಿ, ಕೆಂಪು, ಮೂರು ಭಾಗ. ಹಸಿರೆಂದರೆ ಕೆಮ್ಮಿಲ್ಲ, ರಾತ್ರಿ ನಿದ್ದೆ ಇದೆ, ಆಟ ಇದೆ. ದಿನದ ಇನ್ಹೇಲರ್ ಮಾತ್ರ. ಹಳದಿಯೆಂದರೆ ನೆಗಡಿ ಶುರು, ಬೆಳಗಿನ ಜಾವ ಕೆಮ್ಮು, ಓಡಿದರೆ ಗುಯ್‌ ಗುಯ್‌. ನೀಲಿ ಇನ್ಹೇಲರ್‌ ಎಷ್ಟು, ಎಷ್ಟು ಹೊತ್ತಿಗೊಮ್ಮೆ ಎಂದು ಅಲ್ಲಿ ಬರೆದಿರಬೇಕು. ಈ ವಯಸ್ಸಿಗೆ ಸಾಮಾನ್ಯವಾಗಿ 4 ಪಫ್‌ನಿಂದ ಶುರು, ಒಂದೊಂದಾಗಿ, ಸ್ಪೇಸರ್‌ನಲ್ಲಿ. ಕಡಿಮೆಯಾಗದಿದ್ದರೆ 20 ನಿಮಿಷಕ್ಕೆ ಮತ್ತೆ, ಮೊದಲ ಒಂದು ಗಂಟೆಯಲ್ಲಿ ಮೂರು ಸಲದವರೆಗೆ. ನಿಮ್ಮ ಮಗುವಿನ ಪ್ರಮಾಣವನ್ನು ಡಾಕ್ಟರೇ ಬರೆಯಲಿ. ಕಡಿಮೆಯಾದರೂ ಮೂರು ನಾಲ್ಕು ಗಂಟೆಯೊಳಗೆ ಮತ್ತೆ ಬಂದರೆ ಅದೇ ದಿನ ತೋರಿಸಬೇಕು.

ಕೆಂಪಿಗೆ ಬಂದರೆ ಯೋಚನೆ ಮಾಡುವ ಹಾಗಿಲ್ಲ. ಅಂಗಿ ಎತ್ತಿ ನೋಡಿ. ಉಸಿರೆಳೆದಾಗ ಪಕ್ಕೆಲುಬಿನ ನಡುವೆ, ಕುತ್ತಿಗೆಯ ಗುಳಿಯಲ್ಲಿ ಚರ್ಮ ಒಳಗೆ ಹೋಗುತ್ತಿದೆಯೇ? ಒಂದು ವಾಕ್ಯ ಪೂರ್ತಿ ಹೇಳಲಾಗದೆ ಎರಡು ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳುತ್ತಾನೆಯೇ? ತುಟಿ ನೀಲಿಗಟ್ಟಿದೆಯೇ? ನೀರು ಕುಡಿಯಲಾಗುತ್ತಿಲ್ಲವೇ? ಮಂಕಾಗಿ ತೂಕಡಿಸುತ್ತಿದ್ದಾನೆಯೇ? ಇದರಲ್ಲಿ ಒಂದೇ ಇದ್ದರೂ ಹೊರಡಿ. 108ಕ್ಕೆ ಫೋನ್ ಮಾಡಿ, ಅದು ಬರಲು ತಡವಾಗುವ ಜಾಗವಾದರೆ ಪಕ್ಕದ ಮನೆಯ ಜೀಪು. ದಾರಿಯಲ್ಲೂ ನೀಲಿ ಇನ್ಹೇಲರ್ ಕೊಡುತ್ತಲೇ ಇರಿ. ಮಗುವನ್ನು ಮಲಗಿಸಬೇಡಿ, ಕೂರಿಸಿ. ಇನ್ನೊಂದು ಮಾತು, ಇದನ್ನು ಅತ್ತೆಗೆ ಬಿಡಿಸಿ ಹೇಳಿ: ಗುಯ್‌ ಗುಯ್‌ ಸದ್ದು ನಿಂತು ಮಗು ಮಾತ್ರ ಇನ್ನೂ ಒದ್ದಾಡುತ್ತಿದ್ದರೆ ಅದು ಗುಣವಾದದ್ದಲ್ಲ. ಸದ್ದು ಮಾಡುವಷ್ಟು ಗಾಳಿಯೂ ಒಳಗೆ ಹೋಗುತ್ತಿಲ್ಲ ಎಂದರ್ಥ. ಅದು ಎಲ್ಲಕ್ಕಿಂತ ಅಪಾಯ.

ಬೆಟ್ಟದವರಿಗೆ ಬೇರೆ ಎಂದೆನಲ್ಲ. ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಸುಮಾರು 30 ಕಿಲೋಮೀಟರ್. ನಿಮ್ಮ ತೋಟದಿಂದ ಮೂಡಿಗೆರೆಗೆ ಇನ್ನಷ್ಟು. ರಾತ್ರಿ, ಮಳೆ, ರಸ್ತೆಗೆ ಬಿದ್ದ ಮರ, ಸಿಗ್ನಲ್ ಇಲ್ಲದ ಮೊಬೈಲ್. ಪೇಟೆಯವರು ಮೂರನೇ ಸಲ ಕೊಟ್ಟು ನೋಡಿ ಹೊರಡಬಹುದು. ನೀವು ಎರಡನೇ ಸಲಕ್ಕೆ ಬಗ್ಗದಿದ್ದರೆ ಗಾಡಿ ಹತ್ತಿ, ಮೂರನೆಯದು ದಾರಿಯಲ್ಲಿ ಆಗಲಿ. ಆ ಕಾಗದದಲ್ಲಿ ಯಾರ ಗಾಡಿ, ಅವರ ನಂಬರ್ ಏನು, ಯಾವ ಆಸ್ಪತ್ರೆಯಲ್ಲಿ ರಾತ್ರಿ ಆಕ್ಸಿಜನ್ ಮತ್ತು ಡಾಕ್ಟರ್ ಇರುತ್ತಾರೆ ಎಂದೂ ಬರೆದಿರಲಿ. ಅರ್ಧರಾತ್ರಿಯಲ್ಲಿ ಇದನ್ನೆಲ್ಲ ಚರ್ಚೆ ಮಾಡುತ್ತಾ ಕೂರಬಾರದು.

ಇನ್ನು ಹೊಗೆ. "ನಮ್ಮಲ್ಲಿ ಗ್ಯಾಸ್ ಇದೆ ಡಾಕ್ಟ್ರೇ" ಎಂದು ಎಲ್ಲರೂ ಹೇಳುತ್ತಾರೆ. ನಿಜ, ಅಡುಗೆ ಗ್ಯಾಸಿನಲ್ಲೇ. ಬಚ್ಚಲ ಹಂಡೆ ಒಲೆ? ಅದಕ್ಕೆ ಈಗಲೂ ಸೌದೆ, ಕಾಫಿ ಗಿಡದಿಂದ ಸವರಿ ತೆಗೆದ ರೆಂಬೆ, ಅಡಿಕೆ ಹಾಳೆ. ಮಳೆಗಾಲದಲ್ಲಿ ಹಸಿ ಸೌದೆ ಉರಿಯುವುದಿಲ್ಲ, ಹೊಗೆಯುತ್ತದೆ. ಬಿಸಿಲೇ ಕಾಣದ ಆ ಎರಡು ಮೂರು ತಿಂಗಳು ಅದೇ ಒಲೆಯ ಮೇಲೆ ಬಟ್ಟೆ ಒಣಗಿಸುತ್ತೇವೆ. ನನ್ನ ಕ್ಲಿನಿಕ್ಕಿಗೆ ಜುಲೈನಲ್ಲಿ ಬರುವ ಮಕ್ಕಳ ಯೂನಿಫಾರಂ ಮೂಸಿದರೆ ಸಾಕು, ಯಾವ ಕಡೆಯವರು ಎಂದು ಹೇಳಬಹುದು. ಮಗು ಆ ಹೊಗೆಯನ್ನು ಮೈಮೇಲೆ ಹೊತ್ತುಕೊಂಡು ಸ್ಕೂಲಿಗೆ ಹೋಗುತ್ತದೆ, ಅದೇ ವಾಸನೆಯ ಹೊದಿಕೆ ಹೊದ್ದು ಮಲಗುತ್ತದೆ. ಒಲೆ ಕಿತ್ತು ಹಾಕಿ ಎನ್ನುವುದಿಲ್ಲ, ಅದು ಆಗದ ಮಾತು. ಮಗುವಿನ ಬಟ್ಟೆ, ಹೊದಿಕೆ ಮಾತ್ರ ಬೇರೆ ಕಡೆ, ಫ್ಯಾನಿನ ಕೆಳಗೆ ಒಣಗಲಿ. ಒಲೆಗೆ ಹೊಗೆ ಕೊಳವೆ ಹಾಕಿಸಿ. ಉರಿ ಹಾಕುವ ಹೊತ್ತಿಗೆ ಮಗ ಬಚ್ಚಲ ಹತ್ತಿರ ಬೆಚ್ಚಗೆ ಕೂರುವುದು ಬೇಡ. ಚಳಿಗೆ ಆ ಜಾಗ ಎಷ್ಟು ಹಿತ ಎಂದು ನನಗೂ ಗೊತ್ತು.

ಸೊಳ್ಳೆ ಕಾಯಿಲ್ ಇಂದೇ ಬಿಡಿ. ಒಂದು ಕಾಯಿಲ್ ಪೂರ್ತಿ ಉರಿದರೆ ಬರುವ ಸೂಕ್ಷ್ಮ ಕಣ 75ರಿಂದ 137 ಸಿಗರೇಟಿನದಕ್ಕೆ ಸಮ ಎಂದು 2003ರ ಒಂದು ಅಧ್ಯಯನ ಅಳೆದು ಹೇಳಿದೆ. ಸೊಳ್ಳೆ ಪರದೆ ಕಟ್ಟಿ. ಊದುಕಡ್ಡಿ, ಸಾಂಬ್ರಾಣಿ ವಿಚಾರದಲ್ಲಿ ಅತ್ತೆಯ ಹತ್ತಿರ ಜಗಳ ಬೇಡ, ದೀಪ ಹಚ್ಚಿ ಕಡ್ಡಿಯನ್ನು ಹೊರಗೆ ತುಳಸಿಕಟ್ಟೆಗೆ ಇಟ್ಟರೆ ದೇವರಿಗೇನೂ ಕೋಪ ಬರುವುದಿಲ್ಲ. ಮನೆಯಲ್ಲಿ ಯಾರಾದರೂ ಬೀಡಿ ಸಿಗರೇಟು ಸೇದುವವರಿದ್ದರೆ ಜಗಲಿಯಲ್ಲೂ ಬೇಡ. ಮಗು ಮಲಗುವ ಕೋಣೆಯಲ್ಲಿ ಮೆಣಸು, ಕಾಫಿ ಚೀಲ ಪೇರಿಸಬೇಡಿ. ಕಂಬಳಿಗೆ ಹತ್ತಿ ಬಟ್ಟೆಯ ಕವರ್ ಹೊಲಿಸಿ, ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ. ಗೋಡೆಯ ಬೂಷ್ಟು ಒರೆಸುವಾಗ ಮಗು ಆ ಕೋಣೆಯಲ್ಲಿ ಇರಬಾರದು.

ಬಾಳೆಹಣ್ಣು, ಮೊಸರು, ಸೀಬೆ ನಿಲ್ಲಿಸಿದ್ದೀರಾ? ನಿಲ್ಲಿಸಿಯೇ ಇರುತ್ತೀರಿ. ಕೊಡಿ. ತಿಂದಾಗಲೆಲ್ಲ ತೊಂದರೆ ಆಗುವ ಒಂದು ವಸ್ತು ನಿಮ್ಮ ಕಣ್ಣಿಗೆ ಸ್ಪಷ್ಟವಾಗಿ ಬಿದ್ದಿದ್ದರೆ ಅದೊಂದನ್ನು ಮಾತ್ರ ಬಿಡಿ. ಉಬ್ಬಸ ಎಬ್ಬಿಸುವುದರಲ್ಲಿ ಮೊದಲ ಜಾಗ ನೆಗಡಿ ವೈರಸ್ಸಿನದು, ಅದಕ್ಕೇ ಸ್ಕೂಲು ಶುರುವಾಗಿ ಮಳೆ ಹಿಡಿದ ಮೇಲೆ ನನ್ನ ಕ್ಲಿನಿಕ್ ತುಂಬುವುದು. ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿ. ಮೃಗಶಿರದಲ್ಲಿ ಹೈದರಾಬಾದಿಗೆ ಹೋಗಿ ಮೀನು ನುಂಗಿಸಿಕೊಂಡು ಬರುವವರು ನಮ್ಮ ಜಿಲ್ಲೆಯಿಂದಲೂ ಇದ್ದಾರೆ. ಅದು ಅಸ್ತಮಾ ವಾಸಿ ಮಾಡುತ್ತದೆ ಎನ್ನಲು ಆಧಾರ ಇಲ್ಲ. ಹೆಸರಿಲ್ಲದ ಪುಡಿ ಪೊಟ್ಟಣಗಳಿಗಂತೂ ನಾನು ಹೆದರುತ್ತೇನೆ. ಒಳಗೆ ಸ್ಟೀರಾಯ್ಡ್ ಬೆರೆಸಿದ್ದು ಪತ್ತೆಯಾದ ಉದಾಹರಣೆಗಳಿವೆ. ಇನ್ಹೇಲರ್‌ಗೆ ಹೆದರಿ ಓಡಿದವರು ಅದರ ಹತ್ತಾರು ಪಟ್ಟು ನುಂಗಿಸಿದಂತಾಗುತ್ತದೆ.

ಸ್ಕೂಲಿನಲ್ಲಿ ಮುಚ್ಚಿಡಬೇಡಿ. "ಅಲರ್ಜಿ ಕೆಮ್ಮು" ಎನ್ನುವುದು ಬಿಟ್ಟು ಅಸ್ತಮಾ ಎಂದೇ ಟೀಚರ್‌ಗೆ ಹೇಳಿ. ನಮ್ಮ ಡಾಕ್ಟರುಗಳೇ ಆ ಶಬ್ದ ಹೇಳಲು ಹಿಂಜರಿಯುತ್ತೇವೆ, ಹೆಣ್ಣುಮಗುವಾದರೆ ಇನ್ನೂ ಜಾಸ್ತಿ. ಹೆಸರು ಹೇಳದಿದ್ದರೆ ನೆಗಡಿ ಕೆಮ್ಮಿನ ಹಾಗೆ ಮೂರು ದಿನದ ಔಷಧಿ ಕೊಟ್ಟು ಮರೆಯುತ್ತಾರೆ. ಇದು ನಿಮ್ಮ ಮನೆಯಲ್ಲಿ ಮಾತ್ರ ಇರುವುದೂ ಅಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ ಇಟ್ಟಿದ್ದರು. 1979ರಲ್ಲಿ ನೂರಕ್ಕೆ 9 ಮಕ್ಕಳಿಗೆ ಅಸ್ತಮಾ ಇದ್ದದ್ದು 1999ಕ್ಕೆ 29.5 ಆಗಿತ್ತು. ಗೋಡೆಯ ಕಾಗದದ ಫೋಟೋವನ್ನು ಟೀಚರ್‌ಗೆ ವಾಟ್ಸ್ಆ್ಯಪ್ ಮಾಡಿ. ನೀಲಿ ಇನ್ಹೇಲರ್, ಸ್ಪೇಸರ್ ಬ್ಯಾಗಿನಲ್ಲಿರಲಿ. ಆಟ ಬಿಡಿಸಬೇಡಿ. ಓಡಿದರೆ ಕೆಮ್ಮು ಬರುವುದಿದ್ದರೆ ಆಟಕ್ಕೆ 10–15 ನಿಮಿಷ ಮುಂಚೆ ನೀಲಿ ಇನ್ಹೇಲರ್ ಕೊಡಬಹುದೇ ಎಂದು ಡಾಕ್ಟರ್ ಹತ್ತಿರ ಕೇಳಿ ಬರೆಸಿ. ಹಾಗೆ ದಿನಾ ಬೇಕಾಗುತ್ತಿದ್ದರೆ ದಿನದ ಔಷಧಿ ಸಾಲುತ್ತಿಲ್ಲ ಎಂದರ್ಥ.

ಹತೋಟಿಯಲ್ಲಿದೆಯೋ ಇಲ್ಲವೋ ಎಂದು ನೀವೇ ತಿಂಗಳಿಗೊಮ್ಮೆ ನೋಡಿಕೊಳ್ಳಬಹುದು. ಕಳೆದ ನಾಲ್ಕು ವಾರದಲ್ಲಿ ಹಗಲು ಉಬ್ಬಸ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬಂತೇ? ಕೆಮ್ಮಿಗೆ ಒಂದು ರಾತ್ರಿಯಾದರೂ ಎದ್ದನೇ? ನೀಲಿ ಇನ್ಹೇಲರ್ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಕಾಯಿತೇ? ಆಟ ಅರ್ಧಕ್ಕೆ ನಿಲ್ಲಿಸಿದನೇ? ಒಂದಕ್ಕೆ ಹೌದು ಎಂದರೂ ಡಾಕ್ಟರಿಗೆ ತೋರಿಸಿ. ಕೊನೆಯ ಪ್ರಶ್ನೆಯನ್ನು ಮಗನನ್ನೇ ಕೇಳಿ. 7 ವರ್ಷದ ಹುಡುಗ ನಮಗಿಂತ ಸರಿಯಾಗಿ ಹೇಳುತ್ತಾನೆ. ಒಬ್ಬ ಹುಡುಗ ನನ್ನ ಹತ್ತಿರ, "ಎದೆ ಮೇಲೆ ಬೆಕ್ಕು ಮಲಗಿದ ಹಾಗೆ ಆಗುತ್ತೆ" ಎಂದಿದ್ದ. ಆ ಮನೆಯಲ್ಲಿ ಈಗ "ಬೆಕ್ಕು ಬಂತಾ?" ಎಂದೇ ಕೇಳುತ್ತಾರೆ. ಅವನು ಬಂತು ಎಂದರೆ ನೀಲಿ ಇನ್ಹೇಲರ್.

ಅರಸೀಕೆರೆಗೆ ಕಳಿಸಬೇಕೇ ಎಂದು ಕೇಳಿದಿರಿ. ಬೂಷ್ಟು, ಥಂಡಿ ಅಲ್ಲಿ ಕಡಿಮೆ, ನಿಜ. ಕೆಲವು ಮಕ್ಕಳು ಬಯಲು ಸೀಮೆಯಲ್ಲಿ ಹಗುರವಾಗಿರುತ್ತಾರೆ. ಆದರೆ ಅಲ್ಲಿ ರಾಗಿ ಒಕ್ಕಣೆಯ ಧೂಳಿದೆ, ಕಾಂಗ್ರೆಸ್ ಗಿಡದ ಹೂವಿನ ಪುಡಿ ಇದೆ, ನೆಗಡಿಯಂತೂ ಎಲ್ಲ ಊರಲ್ಲೂ ಇದೆ. ಹಾಸನ, ಚನ್ನರಾಯಪಟ್ಟಣದ ಕಡೆಯಿಂದಲೂ ನನ್ನ ಹತ್ತಿರ ಮಕ್ಕಳು ಬರುತ್ತಾರೆ. ಅಲ್ಲಿಯವರಲ್ಲಿ ಒಬ್ಬಿಬ್ಬರು, ಮಲೆನಾಡಿನ ಒಳ್ಳೆ ಗಾಳಿಗೆ ಕಳಿಸಲಾ ಎಂದು ಕೇಳಿದ್ದೂ ಇದೆ! 7 ವರ್ಷದ ಮಗುವನ್ನು ಅಪ್ಪ ಅಮ್ಮನಿಂದ ಬಿಡಿಸಿ ಊರು ಬದಲಿಸುವಷ್ಟು ಲಾಭ ಇದರಲ್ಲಿ ನನಗೆ ಕಾಣುವುದಿಲ್ಲ. ದಸರಾ ರಜೆಗೆ ಧಾರಾಳವಾಗಿ ಕಳಿಸಿ. ಎರಡೂ ಇನ್ಹೇಲರ್, ಸ್ಪೇಸರ್, ಗೋಡೆಯ ಕಾಗದದ ಒಂದು ಜೆರಾಕ್ಸ್ ಬ್ಯಾಗಿಗೆ ಹಾಕಿ. ಬಸ್ಸು ಹತ್ತಿಸಿ ಬಿಡಬೇಡಿ, ಮೊದಲ ದಿನ ನೀವೂ ಜೊತೆಗೆ ಹೋಗಿ. ಆ ಅಜ್ಜಿಯ ಕೈಗೂ ಸ್ಪೇಸರ್‌ ಕೊಟ್ಟು, "ಹೇಗೆ ಕೊಡ್ತೀಯಮ್ಮ, ಒಂದ್ಸಲ ತೋರಿಸು" ಎಂದು ಕೇಳಿ ನೋಡಿಕೊಂಡು ಬನ್ನಿ.